ಅಭಿಪ್ರಾಯಕ್ಕಿಂತ ಮೊದಲು ಕೆಲಸದ ಬಗ್ಗೆ ಕೇಳಿ

ರಾಜತಂತ್ರ, ರಾಷ್ಟ್ರೀಯ ಭದ್ರತೆ ಎಂಬ ವಿಷಯ ಪ್ರಕಟಿಸಿದರೆ ಸಾಕು, ವಿಶ್ವವಿದ್ಯಾಲಯದ ಸಭಾಂಗಣ ತುಂಬುತ್ತದೆ. ಆದರೆ ಉಪನ್ಯಾಸ ಮುಗಿಸಿ ಹೊರಬರುವ ವಿದ್ಯಾರ್ಥಿಯನ್ನು ನಿಲ್ಲಿಸಿ, ರಾಯಭಾರ ಕಚೇರಿಯ ಕಿರಿಯ ಅಧಿಕಾರಿ ದಿನವಿಡೀ ಏನು ಮಾಡುತ್ತಾರೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಯಾವ ದೇಶ ಯಾರ ಪಕ್ಷ, ಯಾವ ಯುದ್ಧ ಎಲ್ಲಿಗೆ ಮುಟ್ಟುತ್ತದೆ ಎಂಬ ಮಾತುಗಳಷ್ಟೇ ಕಿವಿಯಲ್ಲಿ ಉಳಿದಿರುತ್ತವೆ. ರಾಜ್ಯಶಾಸ್ತ್ರ ಬೋಧಿಸುತ್ತ ವರ್ಷಗಳಿಂದ ಇಂಥ ಸಂವಾದಗಳನ್ನು ನಡೆಸಿಕೊಂಡು ಬಂದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಅತಿಥಿಯ ಅಭಿಪ್ರಾಯ ಕೇಳುವ ಮುನ್ನ ಅವರ ಕೆಲಸದ ಬಗ್ಗೆ ಕೇಳಬೇಕು.

ಹಾಗಾಗಿ ಆಹ್ವಾನ ಪತ್ರದಲ್ಲೇ ಬರೆಯುತ್ತೇನೆ: 'ಭಾಷಣ ಬೇಡ. ನೀವು ಸಿದ್ಧಪಡಿಸಿದ ಒಂದು ಟಿಪ್ಪಣಿ, ಕುಳಿತ ಒಂದು ಮಾತುಕತೆ, ಅದು ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಯಿತು ಎಂದು ಹೇಳಿ. ಗುಟ್ಟು ಬೇಡ, ವಿಧಾನ ಸಾಕು.' ನಿವೃತ್ತ ರಾಯಭಾರಿಗಳು ಈ ಕೋರಿಕೆಯನ್ನು ಪ್ರೀತಿಯಿಂದ ಒಪ್ಪಿಕೊಳ್ಳುತ್ತಾರೆ. ಜಗತ್ತಿನ ಭವಿಷ್ಯ ಹೇಳಿ ಎನ್ನುವವರೇ ಹೆಚ್ಚು, ನಿಮ್ಮ ಕಸುಬು ಹೇಳಿ ಎನ್ನುವವರು ಕಡಿಮೆ.

ಸೇವೆಯಲ್ಲಿರುವವರನ್ನು ಕರೆದಾಗ ಚ್ಯಾಟಮ್ ಹೌಸ್ ನಿಯಮ ನೆರವಿಗೆ ಬರುತ್ತದೆ. 1927ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಈ ನಿಯಮವನ್ನು ಹಲವರು ಗೋಪ್ಯತೆಯ ಪ್ರತಿಜ್ಞೆ ಎಂದು ಭಾವಿಸುತ್ತಾರೆ. ಅದು ಹಾಗಲ್ಲ. ಕೇಳಿದ ಮಾಹಿತಿಯನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು, ಆದರೆ ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಮಾತ್ರ ಹೊರಗೆಡಹಬಾರದು. ಇದನ್ನು ಆರಂಭದಲ್ಲೇ ವಿವರಿಸಿ, ಧ್ವನಿಮುದ್ರಣ ನಿಲ್ಲಿಸಿ, ಮೊಬೈಲುಗಳನ್ನು ಚೀಲದೊಳಗೆ ಇರಿಸಲು ಹೇಳುತ್ತೇನೆ. ಸಂವಾದದ ಬಿಸಿ ಆಮೇಲೆ ಬೇರೆಯೇ ಆಗಿರುತ್ತದೆ.

ಅತಿಥಿ ಬರುವ ಮುಂಚಿನ ವಾರ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಡುತ್ತೇನೆ. ಅದು 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು: ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಗುಟ್ಟಾಗಿ ಇರಿಸುತ್ತಿದ್ದ ಪರಮಾಣು ಕ್ಷಿಪಣಿಗಳು ಅಮೆರಿಕದ ಕಣ್ಣಿಗೆ ಬಿದ್ದು, ಅಲ್ಲಿಗೆ ಹೋಗುವ ಹಡಗುಗಳನ್ನು ಅದು ಸಮುದ್ರದಲ್ಲೇ ತಡೆದ ಹದಿಮೂರು ದಿನಗಳು. ಈ ಘಟನೆಯ ಕಾಗದಪತ್ರಗಳು ಹೇರಳವಾಗಿ ಬಹಿರಂಗವಾಗಿವೆ, ಎರಡೂ ಕಡೆಯವರು ನಂತರ ಮಾತನಾಡಿದ್ದಾರೆ. ಅಕ್ಟೋಬರ್ 26ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಂದ ಅಮೆರಿಕದ ಅಧ್ಯಕ್ಷ ಕೆನಡಿಗೆ ಒಂದು ಪತ್ರ ಬರುತ್ತದೆ. ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟರೆ ಕ್ಷಿಪಣಿಗಳ ಅಗತ್ಯವೇ ಇರುವುದಿಲ್ಲ ಎಂಬುದು ಅದರ ತಿರುಳು. ಮರುದಿನ ಇನ್ನೊಂದು ಪತ್ರ, ಹೆಚ್ಚು ಬಿಗಿಯಾದದ್ದು: ತುರ್ಕಿಯಲ್ಲಿರುವ ಅಮೆರಿಕದ ಜುಪಿಟರ್ ಕ್ಷಿಪಣಿಗಳೂ ಹೋಗಬೇಕು. ಅದೇ ದಿನ ಕ್ಯೂಬಾದ ಮೇಲೆ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಲಾಗುತ್ತದೆ, ಪೈಲಟ್ ರುಡಾಲ್ಫ್ ಆಂಡರ್ಸನ್ ಸಾಯುತ್ತಾರೆ.

ಇಷ್ಟನ್ನು ಮುಂದಿಟ್ಟು ಒಂದು ಪುಟದ ಟಿಪ್ಪಣಿ ಕೇಳುತ್ತೇನೆ: ಯಾವ ಪತ್ರಕ್ಕೆ ಉತ್ತರಿಸಬೇಕು, ಉತ್ತರದಲ್ಲಿ ಏನಿರಬೇಕು? ಬುದ್ಧಿವಂತರೇ ಇಲ್ಲಿ ಶಕ್ತಿ ಸಮತೋಲನದ ಸಿದ್ಧಾಂತ ಬರೆಯಲು ಹೊರಡುತ್ತಾರೆ. ಅಧ್ಯಕ್ಷರ ಮೇಜಿನ ಮೇಲಿರುವುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲ, ಸಂಜೆಯೊಳಗೆ ಮಾಸ್ಕೋಗೆ ಹೋಗಬೇಕಾದ ಪತ್ರ ಎಂದು ನೆನಪಿಸಿದ ಮೇಲೆ ಟಿಪ್ಪಣಿಗಳ ಸ್ವರೂಪವೇ ಬದಲಾಗುತ್ತದೆ. ಆಗ ಕರಡು ವಾಕ್ಯಗಳು ಬರತೊಡಗುತ್ತವೆ, ಎದುರಾಳಿಗೆ ಮುಖ ಉಳಿಸಿಕೊಳ್ಳಲು ದಾರಿ ಬಿಡಬೇಕೇ ಎಂಬ ಜಗಳ ಶುರುವಾಗುತ್ತದೆ. ಆ ಜಗಳವನ್ನು ನಾನು ತಡೆಯುವುದಿಲ್ಲ. ನನ್ನ ಬೋಧನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆಗಳು ಅವು.

ನಡೆದದ್ದನ್ನು ನಂತರ ಹೇಳುತ್ತೇನೆ. ಕೆನಡಿ ಮೊದಲ ಪತ್ರದ ಷರತ್ತಿಗೆ ಹೊಂದುವಂತೆ ಉತ್ತರಿಸಿದರು. ಅದೇ ಸಂಜೆ ಅವರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಅನಾತೊಲಿ ಡೊಬ್ರಿನಿನ್ ಅವರನ್ನು ಕಂಡು, ತುರ್ಕಿಯ ಕ್ಷಿಪಣಿಗಳೂ ಹೋಗುತ್ತವೆ, ಆದರೆ ಅದು ಬಹಿರಂಗವಾಗಬಾರದು ಎಂದು ತಿಳಿಸಿದರು. ಅಕ್ಟೋಬರ್ 28ರಂದು ಕ್ರುಶ್ಚೇವ್ ಕ್ಷಿಪಣಿಗಳನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದರು.

ವೃತ್ತಿಯ ಮಾತು ಹುಟ್ಟುವುದು ಇಲ್ಲಿಯೇ. ಆ ಹದಿಮೂರು ದಿನಗಳಲ್ಲಿ ಯಾರೆಲ್ಲ ಬೇಕಾದರು ಎಂದು ಕಪ್ಪುಹಲಗೆಯ ಮೇಲೆ ಬರೆಯಿಸುತ್ತೇನೆ. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ಇವು ಕ್ಷಿಪಣಿಗಳೇ ಎಂದು ಗುರುತಿಸಿದವರು ಛಾಯಾಚಿತ್ರ ವಿಶ್ಲೇಷಕರು. ಮೊದಲ ಪತ್ರಕ್ಕೇ ಉತ್ತರಿಸಿ ಎಂದು ಒತ್ತಾಯಿಸಿದವರಲ್ಲಿ ಒಬ್ಬರು ಲೆವೆಲಿನ್ ಥಾಂಪ್ಸನ್. ಅವರು ಮಾಸ್ಕೋದಲ್ಲಿ ರಾಯಭಾರಿಯಾಗಿದ್ದು ಕ್ರುಶ್ಚೇವ್ ಅವರನ್ನು ಹತ್ತಿರದಿಂದ ಬಲ್ಲವರು. ನೌಕಾ ತಡೆಗೆ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಬೆಂಬಲ ಪಡೆಯುವ ಹಿಂದೆ ಕಾನೂನು ಬಲ್ಲವರ ಶ್ರಮವಿತ್ತು. ವಿಶ್ವಸಂಸ್ಥೆಯ ಹಂಗಾಮಿ ಮಹಾಕಾರ್ಯದರ್ಶಿ ಊ ಥಾಂಟ್ ಇಬ್ಬರೂ ನಾಯಕರಿಗೆ ಸಂಯಮದ ಮನವಿ ಕಳಿಸಿದ್ದರು. ಅಷ್ಟೂ ದಿನ ಪತ್ರಗಳನ್ನು ಭಾಷಾಂತರಿಸಿದವರು, ತಂತಿಯಲ್ಲಿ ಕಳಿಸಿದವರು ಇದ್ದರು. ಪತ್ರ ತಲುಪಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. 1963ರ ಜೂನ್‌ನಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕದ ಒಪ್ಪಂದವಾದದ್ದಕ್ಕೆ ಈ ವಿಳಂಬವೂ ಒಂದು ಕಾರಣ. ಅದು ಸಿನಿಮಾದ ಕೆಂಪು ಟೆಲಿಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್ ಆಗಿತ್ತು.

ಹಲಗೆ ತುಂಬುವ ಹೊತ್ತಿಗೆ, ಈ ಕ್ಷೇತ್ರಕ್ಕೆ ರಾಯಭಾರಿಯಾಗುವುದೊಂದೇ ಬಾಗಿಲಲ್ಲ ಎಂಬುದು ನಾನು ಹೇಳದೆಯೇ ಅರ್ಥವಾಗಿರುತ್ತದೆ. ಭೌತಶಾಸ್ತ್ರ, ಕಾನೂನು, ಭಾಷಾ ವಿಭಾಗಗಳಿಗೂ ನಾನು ಆಹ್ವಾನ ಕಳಿಸುವುದು ಅದಕ್ಕೇ. ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣಾ ಕೆಲಸಕ್ಕೆ ಪರಮಾಣು ವಿಜ್ಞಾನ, ಎಂಜಿನಿಯರಿಂಗ್ ಓದಿದವರು ಬೇಕು. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ 32 ವರ್ಷದ ವಯೋಮಿತಿಯಿದೆ, ಪದವಿ ಬೇಕು, ಇಂಗ್ಲಿಷ್ ಅಥವಾ ಫ್ರೆಂಚ್ ಚೆನ್ನಾಗಿ ಬರಬೇಕು. ಆ ವರ್ಷ ಭಾಗವಹಿಸುವ ದೇಶಗಳ ಪಟ್ಟಿಯಲ್ಲಿ ನಿಮ್ಮ ದೇಶ ಇರಬೇಕು ಎಂಬ ಷರತ್ತು ಹಲವರಿಗೆ ತಿಳಿದಿರುವುದಿಲ್ಲ, ಹಾಗಾಗಿ ಪಟ್ಟಿಯನ್ನು ಮೊದಲು ನೋಡಲು ಹೇಳುತ್ತೇನೆ. ಭದ್ರತಾ ಸಂಸ್ಥೆಗಳ ಕಡೆ ಒಲವಿರುವವರಿಗೆ ನನ್ನ ಸಲಹೆ ಸರಳ: ಹಿನ್ನೆಲೆ ಪರಿಶೀಲನೆ ಆಳವಾಗಿರುತ್ತದೆ, ವಾಸದ ವಿಳಾಸ, ಪ್ರಯಾಣ, ಸಾಲಗಳ ದಾಖಲೆಯನ್ನು ಈಗಿನಿಂದಲೇ ಸರಿಯಾಗಿ ಇಟ್ಟುಕೊಳ್ಳಿ, ಕೇಳಿದ್ದಕ್ಕೆ ನಿಜ ಹೇಳಿ.

ಪ್ರಶ್ನೋತ್ತರದಲ್ಲಿ ಮೊದಲ ಅವಕಾಶ ವಿದ್ಯಾರ್ಥಿಗಳದ್ದು, ಪ್ರಾಧ್ಯಾಪಕರು ಕೊನೆಗೆ. ಈ ಕ್ರಮವನ್ನು ಯಾರ ಮುಲಾಜಿಗೂ ಸಡಿಲಿಸಿಲ್ಲ. ಸಂಸಾರದ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ: ಕೆಲವು ವರ್ಷಕ್ಕೊಮ್ಮೆ ದೇಶ ಬದಲಾದರೆ ಸಂಗಾತಿಯ ಉದ್ಯೋಗದ ಗತಿಯೇನು, ಮಕ್ಕಳ ಶಾಲೆಯ ಗತಿಯೇನು? ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 9ನೇ ವಿಧಿಯ ಪ್ರಕಾರ ಆತಿಥೇಯ ದೇಶ ಕಾರಣವನ್ನೇ ಕೊಡದೆ ರಾಜತಾಂತ್ರಿಕರನ್ನು ಹಿಂದಕ್ಕೆ ಕಳಿಸಬಹುದು. ಎರಡು ಸರ್ಕಾರಗಳ ಮುನಿಸಿಗೆ ಒಂದು ಮನೆ ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇಪ್ಪತ್ತರ ಹರೆಯದವರಿಗೆ ಇದನ್ನು ಮರೆಮಾಚಿ ವೃತ್ತಿಯ ಮಹಿಮೆಯನ್ನಷ್ಟೇ ಹೇಳುವುದು ಅನ್ಯಾಯ.

ನೀವೂ ಇಂಥ ಸಂವಾದ ನಡೆಸುವುದಾದರೆ ಹಿರಿಯರ ಪಕ್ಕದಲ್ಲಿ ಒಬ್ಬ ಕಿರಿಯ ಅಧಿಕಾರಿಯನ್ನೂ ಕೂರಿಸಿ. ರಾಯಭಾರಿ ಪರೀಕ್ಷೆ ಬರೆದು ದಶಕಗಳಾಗಿರುತ್ತವೆ. ಈಗಿನ ಸಂದರ್ಶನದಲ್ಲಿ ಏನು ಕೇಳುತ್ತಾರೆ, ತರಬೇತಿಯಲ್ಲಿ ಯಾವ ಭಾಷೆ ಹೇಗೆ ಹಂಚುತ್ತಾರೆ, ಮೊದಲ ನೇಮಕದಲ್ಲಿ ವೀಸಾ ಕಿಟಕಿಯ ಹಿಂದೆ ಎಷ್ಟು ಕಾಲ ಕೂರಬೇಕು ಎಂಬುದು ಈಚೆಗೆ ಸೇರಿದವರಿಗೇ ಗೊತ್ತು. ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಕೆಲವನ್ನು ಆ ಕಿರಿಯ ಅಧಿಕಾರಿಗೇ ತಿದ್ದಲು ಕೊಡುತ್ತೇನೆ. ಬೇಡದ ಪೀಠಿಕೆಗೆ ಗೀಟು ಹಾಕಿ, ಶಿಫಾರಸನ್ನು ಮೊದಲ ಸಾಲಿಗೆ ಎಳೆದು ತಂದ ಆ ಪುಟಗಳ ನಕಲನ್ನು ಮುಂದಿನ ತಂಡಕ್ಕೆ ಮೊದಲ ತರಗತಿಯಲ್ಲೇ ಹಂಚುತ್ತೇನೆ.