ಶಾಸಕರ ಪತ್ರ ಮತ್ತು ನನ್ನ ಉದ್ದನೆ ನೋಟ್‌ಬುಕ್

2018ರಿಂದ ಆರು ವರ್ಷ ನಾನು ಬಯಲುಸೀಮೆಯ ಒಬ್ಬ ಶಾಸಕರಿಗೆ ಆಪ್ತ ಸಹಾಯಕನಾಗಿದ್ದೆ. ಜನರ ಬಾಯಲ್ಲಿ ‘ಪಿಎ ಸಾರ್’. ಬೆಳಗ್ಗೆ ಏಳಕ್ಕೆ ಸಾಹೇಬರ ಮನೆ ಹತ್ತಿರ ಹೋದರೆ ಬಾಗಿಲ ಮುಂದೆ ಆಗಲೇ ಮೂವತ್ತು ನಲವತ್ತು ಜೊತೆ ಚಪ್ಪಲಿ.

ಮೊದಲ ವರ್ಷ ಕೇಳಿದವರಿಗೆಲ್ಲ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟೆ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು’ ಅಂತ ಒಂದು ಸಾಲು, ಕೆಳಗೆ ಸಾಹೇಬರ ಸಹಿ. ಬಂದವರು ಖುಷಿಯಾಗಿ ಹೋಗುತ್ತಿದ್ದರು. ಒಂದು ದಿನ ಒಂದು ಕಚೇರಿಗೆ ಹೋದಾಗ ಅಲ್ಲಿನ ಕೇಸ್ ವರ್ಕರ್ ಡ್ರಾಯರ್ ಎಳೆದು ದಾರ ಕಟ್ಟಿದ ಒಂದು ಕಟ್ಟು ತೋರಿಸಿದರು. ಎಲ್ಲ ನಮ್ಮವೇ ಪತ್ರ. “ಎಲ್ರಿಗೂ ಕೊಡ್ತೀರಿ ಸಾರ್, ಯಾವುದನ್ನ ಮೊದ್ಲು ನೋಡ್ಲಿ?” ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆವತ್ತೇ ಒಂದು ಉದ್ದನೆ ನೋಟ್‌ಬುಕ್ ತಂದೆ. ಹೆಸರು, ಫೋನ್, ಫೈಲ್ ಯಾರ ಟೇಬಲ್ ಮೇಲಿದೆ, ಮತ್ತೆ ಯಾವಾಗ ಕೇಳಬೇಕು, ಇಷ್ಟೇ. ಪತ್ರ ಬರೆಯುವ ಮುಂಚೆ ಅರ್ಜಿಯ ಸ್ವೀಕೃತಿ ಕೇಳತೊಡಗಿದೆ. ಎಷ್ಟೋ ಜನ ಅರ್ಜಿಯನ್ನೇ ಕೊಟ್ಟಿರಲಿಲ್ಲ! ಅವರನ್ನು ಸೀದಾ ನಾಡಕಚೇರಿಗೆ ಕಳಿಸುತ್ತಿದ್ದೆ, ಜೊತೆಗೊಬ್ಬ ಹುಡುಗನನ್ನೂ.

ಒಬ್ಬ ಅಜ್ಜಿಗೆ ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1200 ರೂಪಾಯಿ, ಏಳು ತಿಂಗಳಿಂದ ನಿಂತಿತ್ತು. ಪ್ಲಾಸ್ಟಿಕ್ ಕವರ್‌ನಿಂದ ನಮ್ಮದೇ ನಾಲ್ಕು ಪತ್ರ ತೆಗೆದು ಮುಂದಿಟ್ಟರು. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದರು. “ಬೇರೆ ಎಲ್ಲಾದ್ರೂ ಖಾತೆ ಮಾಡ್ಸಿದ್ದೀರಾ ಅಜ್ಜಿ?” ಅಂದೆ. ಸಂಘದವರು ಇನ್ನೊಂದು ಬ್ಯಾಂಕಿನಲ್ಲಿ ಮಾಡಿಸಿದ್ದರಂತೆ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿರುತ್ತೋ ದುಡ್ಡು ಅಲ್ಲಿಗೇ ಹೋಗುತ್ತದೆ. ಆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ 8400 ರೂಪಾಯಿ ಸುಮ್ನೆ ಕೂತಿದೆ. “ಹಂಗಾದ್ರೆ ನನ್ ದುಡ್ಡು ನನ್ ಹತ್ರಾನೇ ಇತ್ತೇನಪ್ಪಾ?” ಅಂದರು. ನಾಲ್ಕು ಪತ್ರ ಟೈಪ್ ಮಾಡಿದವನು ನಾನೇ. ಏನು ಹೇಳಲಿ?

ಬಗರ್‌ಹುಕುಂ ಅರ್ಜಿಗಳದ್ದು, ಅಂದರೆ ಉಳುಮೆ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಕೇಳುವವುಗಳದ್ದು, ಬೇರೆಯದೇ ತಲೆನೋವು. ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಹಾಗಾಗಿ ‘ಸಾಹೇಬರು ಮನಸ್ಸು ಮಾಡಿದರೆ ಆಗುತ್ತೆ’ ಅಂತಲೇ ಎಲ್ಲರ ನಂಬಿಕೆ. ಅರಣ್ಯದ ಜಾಗ ಆದರೆ ಆಗಲ್ಲ ಅಂತ ಮುಖಕ್ಕೇ ಹೇಳುವುದನ್ನು ಅಲ್ಲಿ ಕಲಿತೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಒಂದು ರೂಪಾಯಿಯೂ ಶಾಸಕರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಹಳ್ಳಿಗಳು ನೂರಕ್ಕೂ ಜಾಸ್ತಿ, ಮುಕ್ಕಾಲು ಪಾಲು ಊರಿನವರು ಕೇಳುವುದು ಸಮುದಾಯ ಭವನ. ಕಟ್ಟಿಸಿದ ಒಂದೆರಡು ಭವನ ನೋಡಿಬಂದೆ. ವರ್ಷಕ್ಕೆರಡು ಮದುವೆ, ಉಳಿದ ದಿನ ಒಳಗೆ ರಾಗಿಹುಲ್ಲು.

ಒಂದು ರಾತ್ರಿ ಸಾಹೇಬರ ಜೊತೆ ಕೂತು ನೋಟ್‌ಬುಕ್ ತಿರುವಿಹಾಕಿದಾಗ ಬೇರೆಯದೇ ಕಾಣಿಸಿತು. ಒಂದೇ ರಸ್ತೆಯ ಮೂರು ಹಳ್ಳಿಯವರದು ಒಂದೇ ಮಾತು: ಸಂಜೆ ಕಾಲೇಜು ಬಿಟ್ಟ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಇರುವ ಬಸ್ಸೂ ತುಂಬಿಕೊಂಡು ಸ್ಟಾಪ್‌ನಲ್ಲಿ ನಿಲ್ಲದೇ ಹೋಗುತ್ತಿತ್ತು. ಇದಕ್ಕೆ ಭವನದ ಹಾಗೆ ಅನುದಾನವೇನೂ ಬೇಕಾಗಿರಲಿಲ್ಲ. ಆದರೆ ಡಿಪೋದವರು ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ: “ಎಷ್ಟು ಜನ ಹತ್ತುತ್ತಾರೆ?”

ಆರು ದಿನ ಕಾಲೇಜು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತು ಎಣಿಸಿದೆ. (ಅಂಗಡಿಯವನಿಗೆ ನಾನ್ಯಾರೋ ಅಂತ ಅನುಮಾನ ಬಂದಿತ್ತು.) ಐವತ್ತಕ್ಕೆ ಒಂದು ದಿನವೂ ಕಮ್ಮಿಯಾಗಲಿಲ್ಲ. ಎಲ್ಲ ಇಲಾಖೆಯ ಅಧಿಕಾರಿಗಳು ಸೇರುವ ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಸಾಹೇಬರು ಭಾಷಣ ಬಿಟ್ಟು ಆ ಹಾಳೆಯನ್ನೇ ಓದಿದರು. ತಿಂಗಳೊಳಗೆ ಬಸ್ ಬಂತು. ನಾಲ್ಕು ಗಂಟೆಗೆ!

ವಿಜ್ಞಾನದ ಹುಡುಗಿಯರ ಲ್ಯಾಬ್ ಮುಗಿಯುವುದೇ ನಾಲ್ಕೂವರೆಗೆ. ಎಷ್ಟು ಜನ ಅಂತ ಬರೆದಿದ್ದೆ, ಎಷ್ಟು ಹೊತ್ತಿಗೆ ಅಂತ ಬರೆದಿರಲಿಲ್ಲ. ನನ್ನದೇ ತಪ್ಪು. ಸಮಯ ಬದಲಾಗಲು ಮತ್ತೆ ಎರಡು ತಿಂಗಳು ಓಡಾಡಿದೆ.

ಕೊನೆಗೆ ನೋಟ್‌ಬುಕ್‌ನಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದೆ. ಅದೇ ವಾರ ಅದೇ ಊರಿನಿಂದ ಫೋನ್. “ಭಾನುವಾರ ಬಸ್ ಬರಲ್ವಲ್ಲ ಸಾರ್, ಸಂತೆಗೆ ಹೆಂಗ್ ಹೋಗೋದು?” ಕೆಳಗಿನ ಸಾಲಿನಲ್ಲಿ ಬರೆದುಕೊಂಡೆ.