ಬಿಚ್ಚಿದರೆ ಬಿಚ್ಚಬೇಕು

ನನ್ನ ಹಿಂದಿನ ಲ್ಯಾಪ್‌ಟಾಪ್ ಕೆಟ್ಟದ್ದು ಬ್ಯಾಟರಿ ಉಬ್ಬಿ. ಏಪ್ರಿಲ್ ತಿಂಗಳು, ಚಿತ್ರದುರ್ಗದ ಒಂದು ಲಾಡ್ಜು. ಅಲ್ಲಿ ಹಗಲಿಡೀ ಕಾದ ಬಂಡೆಗಳು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಟಚ್‌ಪ್ಯಾಡ್ ಹಪ್ಪಳದಂತೆ ಮೇಲೆದ್ದಿತ್ತು, ಮುಚ್ಚಳ ಕೂರುತ್ತಿರಲಿಲ್ಲ. ಕೊಂಡು ಎರಡೂವರೆ ವರ್ಷ ಆಗಿತ್ತು ಅಷ್ಟೇ. ದಾವಣಗೆರೆಗೆ ವಾಪಸ್ ಬಂದು ರಿಪೇರಿಗೆ ಒಯ್ದೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದಾರೆ, ಕೀಬೋರ್ಡ್ ಸಮೇತ ಇಡೀ ಭಾಗವನ್ನೇ ಬದಲಿಸಬೇಕು ಎಂದರು. ರ‍್ಯಾಮ್ ಹೆಚ್ಚಿಸುವ ಮಾತೇ ಇಲ್ಲ, ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. ಅಂಗಡಿಯ ಹುಡುಗ ಕಳಕಳಿಯಿಂದಲೇ ಹೇಳಿದ: "ಸಾರ್, ಇದಕ್ಕೆ ಇಷ್ಟು ದುಡ್ಡು ಸುರಿಯೋ ಬದ್ಲು ಹೊಸದೇ ತಗಳ್ರಿ."

ನಾನು ಹೊಸದು ತಗೊಳ್ಳಲಿಲ್ಲ. ಹಳೆಯದು ತಗೊಂಡೆ, ಬಿಚ್ಚಲು ಬರುವಂಥದ್ದು.

ನನ್ನದು ಸಾಫ್ಟ್‌ವೇರ್ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸ. ಮನೆ ದಾವಣಗೆರೆಯಲ್ಲಿ, ತಿಂಗಳಲ್ಲಿ ಅರ್ಧದಷ್ಟು ದಿನಗಳು ಬಸ್ಸಿನಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಆಗಾಗ ಧಾರವಾಡ, ಬೆಂಗಳೂರು. ಇಂಥ ಓಡಾಟದಲ್ಲಿ ಲ್ಯಾಪ್‌ಟಾಪಿನ ತೂಕ, ತೆಳುವು ನನಗೆ ಮುಖ್ಯ ಅಲ್ಲ. ಕೆಟ್ಟರೆ ಆ ಊರಿನಲ್ಲೇ ಯಾರಾದರೂ ಒಂದು ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಲ್ಲರೇ ಎಂಬುದೇ ಮುಖ್ಯ.

2024ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 16,000 ರೂಪಾಯಿಗೆ ಕೊಂಡದ್ದು ಥಿಂಕ್‌ಪ್ಯಾಡ್ ಟಿ470. ಯಾವುದೋ ಕಂಪನಿ ಬಳಸಿ ಬಿಟ್ಟದ್ದು. 2017ರ ಮಾದರಿ, ಇಂಟೆಲ್‌ನ ಏಳನೇ ಪೀಳಿಗೆಯ ಪ್ರೊಸೆಸರ್. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿ ಎಂಟನೇ ಪೀಳಿಗೆಯಿಂದ ಶುರುವಾಗುತ್ತದೆ. ಒಂದೇ ಒಂದು ಪೀಳಿಗೆ ಹಿಂದೆ ಬಿದ್ದ ತಪ್ಪಿಗೆ ಇಂಥ ಗಟ್ಟಿ ಯಂತ್ರಗಳು ರಾಶಿಗಟ್ಟಲೆ ಗುಜರಿ ಬೆಲೆಗೆ ಬಂದಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ದಿನಾಂಕ ನೋಡಿ ಮೂಲೆಗೆ ಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ನಮ್ಮಪ್ಪ ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಟ್ಟುಕೊಂಡು ಬಂದವರು, ಆ ಬುದ್ಧಿ ನನಗೂ ಬಂದಿದೆ.

ಮನೆಗೆ ತಂದ ದಿನವೇ ಬಿಚ್ಚಿದೆ. ಈ ಮಾದರಿಯನ್ನು ಬಿಚ್ಚುವ ಮುಂಚೆ ಒಂದು ಕೆಲಸ ಮರೆಯಬಾರದು. ಆನ್ ಮಾಡಿ ಎಫ್1 ಒತ್ತಿ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ, ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ಇಲ್ಲದಿದ್ದರೆ ಒಳಗೆ ಕರೆಂಟ್ ಇರುವಾಗಲೇ ಕೈ ಹಾಕಿದಂತೆ. ತಳದ ಸ್ಕ್ರೂಗಳು ಸಡಿಲವಾದರೂ ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ, ಉದುರಿ ಕಳೆಯುವುದಿಲ್ಲ. ಇದನ್ನು ಯೋಚಿಸಿದ ಎಂಜಿನಿಯರ್ ಯಾರೋ, ಅವರಿಗೊಂದು ನಮಸ್ಕಾರ. ಫ್ಯಾನಿನ ಬಾಯಲ್ಲಿ ಕಂಬಳಿ ತುಂಡಿನಂತೆ ಧೂಳು ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಲ್ಲಿ ತೆಗೆದೆ, ಪ್ರೊಸೆಸರ್ ಮೇಲೆ ಒಣಗಿ ಸುಣ್ಣದಂತಾಗಿದ್ದ, ಶಾಖ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಖಾಲಿ ಇದ್ದ ಇನ್ನೊಂದು ಸ್ಲಾಟಿಗೆ 8 ಜಿಬಿ ರ‍್ಯಾಮ್ ಹಾಕಿದೆ. ಒಂದು ಗಂಟೆಯ ಕೆಲಸ. ಮಂಡಕ್ಕಿ ಭಟ್ಟಿಯ ಹೊಗೆ ತೇಲಿ ಬರುವ ಬೀದಿಯಲ್ಲಿ ನಮ್ಮ ಮನೆ, ಹಾಗಾಗಿ ಈ ಫ್ಯಾನ್ ಸೇವೆಯನ್ನು ವರ್ಷಕ್ಕೊಮ್ಮೆ ತಪ್ಪಿಸುವುದಿಲ್ಲ.

ಪ್ರಯಾಣಕ್ಕೆ ಈ ಯಂತ್ರದ ದೊಡ್ಡ ಗುಣ ಎಂದರೆ ಎರಡು ಬ್ಯಾಟರಿ. ಒಳಗೆ 24 ವ್ಯಾಟ್-ಅವರ್‌ನದು ಒಂದು, ಹಿಂದೆ ಕಳಚಿ ಹಾಕುವಂಥದ್ದು ಇನ್ನೊಂದು. ಹಿಂದಿನದಕ್ಕೆ 72 ವ್ಯಾಟ್-ಅವರ್‌ನ ದಪ್ಪ ಬ್ಯಾಟರಿಯೂ ಸಿಗುತ್ತದೆ. ಯಂತ್ರ ಮೊದಲು ಹಿಂದಿನದನ್ನು ಖಾಲಿ ಮಾಡುತ್ತದೆ. ಅದು ಮುಗಿದಾಗ ಒಳಗಿನದು ತುಂಬಿಯೇ ಇರುತ್ತದೆ, ಹಾಗಾಗಿ ಆಫ್ ಮಾಡದೆಯೇ ಹಿಂದಿನದನ್ನು ಕಳಚಿ ಬೇರೊಂದನ್ನು ಸೇರಿಸಬಹುದು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಆನಗೋಡು ದಾಟಿ, ಭರಮಸಾಗರ ಬರುವ ಹೊತ್ತಿಗೆ ಎಷ್ಟೋ ಸಲ ತೊಡೆಯ ಮೇಲೆ ಲ್ಯಾಪ್‌ಟಾಪ್ ಮಗುಚಿ ಬ್ಯಾಟರಿ ಬದಲಿಸಿದ್ದೇನೆ, ಬರೆಯುತ್ತಿದ್ದ ವಾಕ್ಯ ಪರದೆಯ ಮೇಲೆ ಹಾಗೇ ಇರುತ್ತದೆ. ಮನೆಯಲ್ಲಿ ವೈರ್ ಹಾಕಿ ಕೂತಾಗ ಟಿಎಲ್‌ಪಿ ಎಂಬ ಸಣ್ಣ ಸಾಫ್ಟ್‌ವೇರಿನಿಂದ ಚಾರ್ಜು 80 ಪರ್ಸೆಂಟಿಗೆ ನಿಲ್ಲುವಂತೆ ಮಾಡಿದ್ದೇನೆ. ಲಿಥಿಯಂ ಬ್ಯಾಟರಿ ತುಂಬಿ ತುಳುಕುತ್ತಾ ಬಿಸಿಲಲ್ಲಿ ಕೂತರೆ ಬೇಗ ಮುಪ್ಪಾಗುತ್ತದೆ, ನಮ್ಮ ಕಡೆಯ ಬಿಸಿಲಂತೂ ಗೊತ್ತೇ ಇದೆ. ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತೇನೆ.

ಆಪರೇಟಿಂಗ್ ಸಿಸ್ಟಂ ಡೆಬಿಯನ್ ಎಂಬ ಲಿನಕ್ಸ್. 1993ರಿಂದ ನಡೆದು ಬಂದದ್ದು, ಯಾವ ಕಂಪನಿಯ ಸ್ವತ್ತೂ ಅಲ್ಲ. ಹನ್ನೆರಡನೇ ಆವೃತ್ತಿಯಿಂದ ವೈಫೈಗೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಯಲ್ಲೇ ಬರುತ್ತದೆ, ಅದಕ್ಕೂ ಹಿಂದೆ ಅದನ್ನು ಹುಡುಕುವುದೇ ಒಂದು ಕಾಯಕವಾಗಿತ್ತು. ಹಾಕುವಾಗಲೇ ಇಡೀ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದೆ. ಬಸ್ಸಿನಲ್ಲಿ ಬ್ಯಾಗು ಹೋದರೆ ಹೋದದ್ದು ಯಂತ್ರ ಮಾತ್ರ ಆಗಿರಬೇಕು. ಪ್ರತಿ ಮಾಡಿದ ಡಿಸ್ಕೊಂದು ಹೊಳಲ್ಕೆರೆಯ ಅಕ್ಕನ ಮನೆಯ ಬೀರುವಿನಲ್ಲಿದೆ. ನಮ್ಮ ಮನೆಗೆ ಏನೇ ಆದರೂ ಅದು ಉಳಿಯುತ್ತದೆ.

ಇಷ್ಟೆಲ್ಲ ಮಾಡುವಾಗ ಯಂತ್ರ ಬಿಚ್ಚಲು ಬಂದರೆ ಸಾಕು ಎಂದುಕೊಂಡಿದ್ದೆ. ಫೈಲೂ ಬಿಚ್ಚಲು ಬರಬೇಕು ಎಂಬುದು ತಿಳಿದದ್ದು ಅಪ್ಪನ ಸಿಡಿ ಸಿಕ್ಕಾಗ.

ಗಿರಣಿ ಮುಚ್ಚಿದ ಮೇಲೆ ಅಪ್ಪ ತಮ್ಮ ಕೆಲಸದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. 2004ರಲ್ಲಿ ಅದನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, 22 ಪುಟ, ಸಿಡಿಗೆ ಹಾಕಿಸಿ ಇಟ್ಟಿದ್ದರು. ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. ಅಪ್ಪ 2011ರಲ್ಲಿ ಹೋದರು. ಸಿಡಿಯನ್ನು ಎರವಲು ತಂದ ಡ್ರೈವಿಗೆ ಹಾಕಿದಾಗ ಫೈಲ್ ತೆರೆಯಿತು, ಓದಲು ಮಾತ್ರ ಬರಲಿಲ್ಲ. ಕನ್ನಡ ಎಂಬ ಪದ ಇದ್ದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ. ಇಪ್ಪತ್ತೆರಡು ಪುಟವೂ ಹೀಗೇ.

ಕಾರಣ ಇಷ್ಟು. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿದ್ದವು. ಫೈಲಿನೊಳಗೆ ಇರುವುದು ಪಿ, ಕಾಣುವುದು ತಲೆಕಟ್ಟಿಲ್ಲದ ಕ. ಆ ಫಾಂಟ್ ಇಲ್ಲದ ಕಡೆ ಪಿ ಪಿಯಾಗಿಯೇ ಕಾಣುತ್ತದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ, ಆದರೂ ನಮ್ಮ ಕಚೇರಿ, ಅಂಗಡಿ, ಪ್ರೆಸ್ಸುಗಳು ಅತ್ತ ಹೊರಳಲು ಬಹಳ ವರ್ಷ ಹಿಡಿಯಿತು. ನುಡಿಯ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನವರು ಅದನ್ನು ಕೊಡದಿದ್ದರೆ ಅಪ್ಪನ ಬರಹ ಟೈಪೇ ಆಗುತ್ತಿರಲಿಲ್ಲ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿದ್ದ ಕೀಲಿಮಣೆ ವಿನ್ಯಾಸದಲ್ಲೇ ನಾನು ಇವತ್ತಿಗೂ ಟೈಪ್ ಮಾಡುವುದು. ಡೆಬಿಯನ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಾಧನಗಳನ್ನು ಹಾಕಿಕೊಂಡರೆ ಅದು ಹಾಗೆಯೇ ಸಿಗುತ್ತದೆ. ಎ, ಕೆ, ಎಫ್, ಕೆ ಒತ್ತಿದರೆ ಅಕ್ಕ.

ಅಪ್ಪನ ಫೈಲನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಂ ಒಂದನ್ನು ಮೊದಲು ನಾನೇ ಪೈಥಾನ್‌ನಲ್ಲಿ ಬರೆದೆ. ಈ ಚಿಹ್ನೆಗೆ ಈ ಅಕ್ಷರ ಎಂಬ ನೇರ ಬದಲಾವಣೆ. ಮೊದಲ ಪುಟದಲ್ಲೇ ಎಡವಿತು. ಗಿರಣಿಯ ಬರಹ ಅಂದಮೇಲೆ 'ಕಾರ್ಮಿಕ' ಪದ ಸಾಲುಸಾಲಿಗೂ ಬರುತ್ತದೆ. ನನಗೆ ಸಿಕ್ಕದ್ದು 'ಕಾಮಿರ್ಕ'. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಮಿ ಆದಮೇಲೆ, ಕೂತಿರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ, ರ್ ಮೊದಲು, ಮಿ ಆಮೇಲೆ. ಅದನ್ನು ಹೊತ್ತು ತಂದು ಒಂದು ಮನೆ ಹಿಂದೆ ಇಡಬೇಕು. ಈ ಲೆಕ್ಕವನ್ನೆಲ್ಲ ಅರವಿಂದ ವಿ.ಕೆ. ಅವರು ಮೊದಲೇ ಮಾಡಿ ಪರಿವರ್ತಕವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಅವರ ಕೋಡ್ ಓದಿದ ಮೇಲೆ ನನ್ನದನ್ನು ಅಳಿಸಿ ಅದನ್ನೇ ಬಳಸಿದೆ. ನನ್ನಂಥವರು ಮುಕ್ತ ತಂತ್ರಾಂಶವನ್ನು ಯಾಕಿಷ್ಟು ಹಚ್ಚಿಕೊಂಡಿದ್ದೇವೆ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಅದಾದ ಮೇಲೂ ಕಣ್ಣಿಟ್ಟು ಓದುವ ಕೆಲಸ ಉಳಿಯಿತು. ಅಪ್ಪನ ಬರಹದ ನಡುವೆ ಅಲ್ಲಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು, ಅವನ್ನೂ ಪರಿವರ್ತಕ ಕನ್ನಡ ಎಂದೇ ತಿಳಿಯಿತು. ಒಂದು ಕಡೆ "ನಮ್ಮ ಕ್.ಈ. ಹಣ ಬರಲು ಮೂರು ವರ್ಷವಾಯಿತು" ಎಂದಿತ್ತು. ಐದು ನಿಮಿಷ ದಿಟ್ಟಿಸಿದ ಮೇಲೆ ಹೊಳೆಯಿತು, ಅದು ಪಿ.ಎಫ್. ಹಳೆಯ ಫಾಂಟಿನ ಲೆಕ್ಕದಲ್ಲಿ ಪಿ ಎಂದರೆ ಕ್, ಎಫ್ ಎಂದರೆ ಈ. ಮಗಳ 'ರ‍್ಯಾಂಕ್' ಬಗ್ಗೆ ಹೆಮ್ಮೆಯಿಂದ ಬರೆದ ಸಾಲೊಂದರಲ್ಲಿ ರ ತನ್ನ ಪೂರ್ಣರೂಪ ಬಿಟ್ಟು ಅರ್ಕಾವತ್ತಾಗಿತ್ತು, ಅಲ್ಲೊಂದು ಕಾಣದ ಜೋಡಣೆ ಚಿಹ್ನೆ ಸೇರಿಸಬೇಕಾಯಿತು. ಹನ್ನೊಂದು ಸಂಜೆ ಹಿಡಿಯಿತು. ಅರ್ಧ ಕೆಲಸ ಬಸ್ಸಿನಲ್ಲೇ ಆಯಿತು. ಅಪ್ಪ ರಾತ್ರಿ ಪಾಳಿ ಮುಗಿಸಿ, ತಲೆಗೂದಲಿಗೆ ಅಂಟಿದ ಹತ್ತಿ ಎಳೆ ಕೊಡವಿಕೊಳ್ಳುತ್ತಾ ಬೆಣ್ಣೆದೋಸೆ ಅಂಗಡಿಯ ಮುಂದೆ ನಿಲ್ಲುತ್ತಿದ್ದುದನ್ನು ನಾನು ಓದಿದ್ದು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣಲು ಶುರುವಾಗುವ ತಿರುವಿನಲ್ಲಿ. ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಕಡೆ ತಿರುಗಿ ಕೂತೆ.

ಈಗ ನನ್ನ ಎಲ್ಲ ಬರಹ ಯೂನಿಕೋಡ್‌ನಲ್ಲಿ, ಸಾದಾ ಟೆಕ್ಸ್ಟ್ ಫೈಲಿನಲ್ಲಿ. ಅಲಂಕಾರ ಬೇಕಾದಾಗ ಲಿಬ್ರೆಆಫೀಸ್. ಡಿಟಿಪಿ ಅಂಗಡಿಗಳ ಸ್ನೇಹಿತರಿಗೂ ಹೇಳುತ್ತಿರುತ್ತೇನೆ, ಪ್ರೆಸ್ಸಿಗೆ ಹಳೇ ಫಾಂಟೇ ಬೇಕೆಂದರೆ ಕೊಡಿ, ಆದರೆ ಗಿರಾಕಿಯ ಪೆನ್‌ಡ್ರೈವಿಗೆ ಯೂನಿಕೋಡ್ ಪ್ರತಿಯೊಂದನ್ನು ತಪ್ಪದೆ ಹಾಕಿಕೊಡಿ.

ಅಪ್ಪನ ಬರಹವನ್ನು ಹಿರಿಯೂರಿನ ಅತ್ತೆಯ ಫೋನಿಗೆ ಕಳಿಸಿದೆ. ಮಾಮೂಲಿ ಮೆಸೇಜಿನ ಹಾಗೆ ತೆರೆಯಿತಂತೆ. ಮರುದಿನ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು: "ಏನಪ್ಪಾ, ನಮ್ಮಣ್ಣ ಪಕ್ಕದಾಗೆ ಕುಂತು ಮಾತಾಡಿದಂಗೆ ಐತಲ್ಲೋ."

ಹದಿನಾಲ್ಕನೇ ಪುಟದಲ್ಲಿ ಒಂದು ಸಾಲು ಇನ್ನೂ ಕೂಡಿಬಂದಿಲ್ಲ. ನಡುವಿನ ಅಕ್ಷರಗಳು ಹೋಗಿವೆ, ಯಾರೋ ಜೊತೆಗಾರರ ಹೆಸರು ಇದ್ದ ಜಾಗ. ಅದೇ ಪಾಳಿಯಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರು ನಿಟ್ಟುವಳ್ಳಿಯಲ್ಲಿ ಇದ್ದಾರೆ. ಸೋಮವಾರ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋಗಿ, ಆ ಪುಟವನ್ನು ದೊಡ್ಡಕ್ಷರದಲ್ಲಿ ತೋರಿಸಿ ಕೇಳಬೇಕು.