ಕಂಪ್ಯೂಟರ್ ಏಳುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ರಾತ್ರಿ ಹೊಸದೊಂದು ಸಾಫ್ಟ್‌ವೇರ್ ಹಾಕಿದಿರಿ. ‘ರೀಸ್ಟಾರ್ಟ್ ಮಾಡಿ’ ಎಂದಿತು, ಮಾಡಿದಿರಿ. ಈಗ ಪರದೆ ಮೇಲೆ ಚುಕ್ಕಿಗಳು ಸುಮ್ನೆ ಸುತ್ತುತ್ತಿವೆ. ಇಲ್ಲವೇ ನೀಲಿ ಪರದೆ ಬಂದು, ಮತ್ತೆ ಮೊದಲಿನಿಂದ ಶುರು. ಇಂಥ ಹೊತ್ತಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಮಾತು, ‘ಫಾರ್ಮ್ಯಾಟ್ ಹೊಡೆಸಿಬಿಡೋಣ’. ನನ್ನ ಅಕ್ಕನ ಮಗ ಹಾಗೇ ಮಾಡಿ ಮೂರು ವರ್ಷದ ಫೋಟೊ ಕಳೆದುಕೊಂಡ. ಕೆಟ್ಟಿದ್ದದ್ದು ಒಂದು ಡ್ರೈವರ್ (ಪ್ರಿಂಟರ್, ಪರದೆಯಂಥ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಪುಟ್ಟ ಸಾಫ್ಟ್‌ವೇರ್), ಅಷ್ಟೇ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ವಿಮಾನಗಳೂ ನಿಂತವು. ಏಳದೇ ಉಳಿದ ಯಂತ್ರಗಳಿಗೆ ಮದ್ದು ಏನಿತ್ತು ಗೊತ್ತಾ? ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದಷ್ಟನ್ನೇ ಓಡಿಸಿ ವಿಂಡೋಸ್ ಏಳುವ ಸ್ಥಿತಿಗೆ, ಹೋಗಿ ಒಂದು ಫೈಲ್ ಅಳಿಸುವುದು. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ. ಕೆಳಗಿನದೆಲ್ಲ ಅದಕ್ಕೇ, ವಿಂಡೋಸ್ 10 ಮತ್ತು 11ಕ್ಕೆ.

ಹಂತ 1. ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ಕಳಚಿ, ಚಾರ್ಜರ್ ಸಿಕ್ಕಿಸಿ, ಇನ್ನೊಮ್ಮೆ ಆನ್ ಮಾಡಿ. ಕೆಲವು ಸಲ ಇಷ್ಟಕ್ಕೇ ಏಳುತ್ತದೆ.

ಹಂತ 2. ರಿಕವರಿ ಪರದೆಗೆ ಹೋಗಬೇಕು. ಎಫ್8 ಕುಟ್ಟುತ್ತಾ ಕೂರಬೇಡಿ, ಆ ಕಾಲ ವಿಂಡೋಸ್ 7ರ ಜೊತೆಗೇ ಹೋಯಿತು. ಈಗಿನ ದಾರಿ ಸ್ವಲ್ಪ ಒರಟು. ಆನ್ ಮಾಡಿ. ಲೋಗೊ ಕೆಳಗೆ ಚುಕ್ಕಿಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು, ನಿಧಾನವಾಗಿ ಹತ್ತರವರೆಗೆ ಎಣಿಸಿ. ಯಂತ್ರ ಪೂರ್ತಿ ಆಫ್ ಆಗುತ್ತದೆ. ಮತ್ತೆ ಆನ್, ಮತ್ತೆ ಹಾಗೇ. ಮೂರನೇ ಸಲ ಬಟನ್ ಮುಟ್ಟಬೇಡಿ. ‘ಆಟೋಮ್ಯಾಟಿಕ್ ರಿಪೇರಿ’ ಎಂದು ಬರುತ್ತದೆ. ಜನ ತಪ್ಪುವುದು ಇಲ್ಲೇ: ಲೋಗೊ ಕಂಡ ತಕ್ಷಣ, ಚುಕ್ಕಿ ಬರುವ ಮೊದಲೇ ಒತ್ತಿಬಿಡುತ್ತಾರೆ. ಆಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಒಂದು ಎಚ್ಚರ: ಪರದೆ ಮೇಲೆ ಅಪ್‌ಡೇಟ್‌ನ ಶೇಕಡಾ ಅಂಕಿ ಏರುತ್ತಿದ್ದರೆ ಈ ಆಟ ಬೇಡ, ಕಾಯಿರಿ.

‘ಅಡ್ವಾನ್ಸ್‌ಡ್ ಆಪ್ಷನ್ಸ್’, ಆಮೇಲೆ ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’. ‘ಸ್ಟಾರ್ಟಪ್ ರಿಪೇರಿ’ ಒಂದು ಸಲ ಓಡಿಸಿ ನೋಡಬಹುದು. ಕೆಟ್ಟ ಡ್ರೈವರ್ ವಿಷಯದಲ್ಲಿ ಅದು ಹೆಚ್ಚಾಗಿ ಕೈ ಎತ್ತುತ್ತದೆ, ಐದು ಸಲ ಓಡಿಸಿದರೂ ಅಷ್ಟೇ.

ಹಂತ 3. ಏನೇ ಮಾಡುವ ಮುಂಚೆ ಫೈಲ್‌ಗಳನ್ನು ಹೊರಗೆ ತೆಗೆದಿಡಿ. ವಿಂಡೋಸ್ ಏಳದಿದ್ದರೂ ಇದಾಗುತ್ತದೆ. ಕಳಚಿದ್ದ ಪೆನ್‌ಡ್ರೈವ್ ಮತ್ತೆ ಸಿಕ್ಕಿಸಿ, ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಯಾಕೆ ಅಂತೀರಾ? ಅದರ ‘ಫೈಲ್’, ‘ಓಪನ್’ ಕಿಟಕಿಯೇ ನಮ್ಮ ಫೈಲ್ ಎಕ್ಸ್‌ಪ್ಲೋರರ್. ಕೆಳಗೆ ‘ಆಲ್ ಫೈಲ್ಸ್’ ಆರಿಸದಿದ್ದರೆ ಫೋಲ್ಡರ್‌ಗಳು ಖಾಲಿಯಂತೆ ಕಾಣುತ್ತವೆ, ಗಾಬರಿಯಾಗಬೇಡಿ. ಇಲ್ಲಿ ಡ್ರೈವ್ ಅಕ್ಷರಗಳೂ ಅದಲುಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಆಗಿರಬಹುದು. ‘ಯೂಸರ್ಸ್’ ಫೋಲ್ಡರ್‌ನೊಳಗೆ ನಿಮ್ಮ ಹೆಸರಿದ್ದರೆ ಅದೇ ನಿಮ್ಮದು. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಕಿಟಕಿ ಹೆಪ್ಪುಗಟ್ಟಿದಂತೆ ಕಂಡರೂ ಮುಚ್ಚಬೇಡಿ, ಕಾಪಿ ನಡೆಯುತ್ತಿರುತ್ತದೆ.

ನಡುವೆ ಎಲ್ಲಾದರೂ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ? ಇದು 48 ಅಂಕಿಗಳ ಸಂಖ್ಯೆ. ‘ನಾನು ಇಂಥದ್ದು ಹಾಕಿಯೇ ಇಲ್ಲ’ ಎನ್ನುತ್ತೀರಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗುತ್ತದೆ. ಫೋನಿನಿಂದ ಅದೇ ಖಾತೆಗೆ ಹೋಗಿ ನೋಡಿ, ಕೀ ಅಲ್ಲಿರುತ್ತದೆ. ಪರದೆ ಮೇಲಿನ ಕೀ ಐಡಿಗೆ ತಾಳೆ ಹಾಕಿಯೇ ಬರೆದುಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರನ್ನು ಕೇಳಿ.

ಹಂತ 4. ‘ಸಿಸ್ಟಮ್ ರಿಸ್ಟೋರ್’ ಒತ್ತಿ. ಹಾಳಾಗುವ ಮುಂಚಿನ ತಾರೀಖು ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸಿ. ಫೋಟೊ, ಕಡತಗಳಿಗೆ ಏನೂ ಆಗುವುದಿಲ್ಲ, ಆಮೇಲೆ ಹಾಕಿದ ಪ್ರೋಗ್ರಾಂ ಮತ್ತು ಡ್ರೈವರ್ ಹೋಗುತ್ತವೆ. ಕೆಟ್ಟಿದ್ದು ವಿಂಡೋಸ್ ಅಪ್‌ಡೇಟ್‌ನಿಂದಲೇ ಆದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಹೆಚ್ಚಿನವರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಹಂತ 5. ಪಟ್ಟಿಯಲ್ಲಿ ರಿಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಗುರುತು) ಒಂದೂ ಇಲ್ಲವೇ? ಹಾಗಾದರೆ ಸೇಫ್ ಮೋಡ್. ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’, ಪಟ್ಟಿ ಬಂದಾಗ 4 ಒತ್ತಿ. ಇಂಟರ್‌ನೆಟ್ ಬೇಕಾದರೆ 5. ಪಿನ್ ತಗೊಳ್ಳದಿದ್ದರೆ ಖಾತೆಯ ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಮರೆತು ಇಲ್ಲೇ ಸಿಕ್ಕಿಬಿದ್ದವರು ಬೇಕಾದಷ್ಟು ಜನ.

ಕಪ್ಪು ಹಿನ್ನೆಲೆ, ದಪ್ಪ ಐಕಾನ್‌ಗಳು, ನಾಲ್ಕು ಮೂಲೆಯಲ್ಲಿ ‘ಸೇಫ್ ಮೋಡ್’ ಎಂಬ ಬರಹ. ಇದು ಬಂದಿತೆಂದರೆ ವಿಂಡೋಸ್ ಚೆನ್ನಾಗಿದೆ, ತೊಂದರೆ ಮೇಲಿಂದ ಹಾಕಿದ್ದರಲ್ಲಿದೆ. ಕಂಟ್ರೋಲ್ ಪ್ಯಾನಲ್‌ನ ‘ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್’ ತೆರೆದು ‘ಇನ್‌ಸ್ಟಾಲ್ಡ್ ಆನ್’ ಮೇಲೆ ಕ್ಲಿಕ್ ಮಾಡಿ, ಹೊಸದು ಮೇಲೆ ಬರುವಂತೆ. ಮೇಲಿನದನ್ನು ತೆಗೆಯಿರಿ.

‘ವಿಂಡೋಸ್ ಇನ್‌ಸ್ಟಾಲರ್ ಸಿಗುತ್ತಿಲ್ಲ’ ಎಂದು ತಕರಾರು ಬಂತೇ? ಸೇಫ್ ಮೋಡ್‌ನಲ್ಲಿ ಆ ಸೇವೆ ಮಾಮೂಲಾಗಿ ಓಡುವುದಿಲ್ಲ. ಇಷ್ಟಕ್ಕೇ ಸೋತು ಎದ್ದುಹೋಗುತ್ತಾರೆ. ಬದಲಿಗೆ ‘ಸಿಸ್ಟಮ್ ಕಾನ್ಫಿಗರೇಷನ್’ ತೆರೆದು ‘ಸರ್ವಿಸಸ್’ಗೆ ಹೋಗಿ. ಮೊದಲು ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ ಟಿಕ್ ಮಾಡಿ. ಇದನ್ನು ಮರೆತರೆ ಬೇಕಾದ ಸೇವೆಗಳನ್ನೂ ನಿಲ್ಲಿಸಿಕೊಂಡು ಹೊಸ ತಲೆನೋವು ತಂದುಕೊಳ್ಳುತ್ತೀರಿ. ಉಳಿದ ಪಟ್ಟಿಯಲ್ಲಿ ನಿಮ್ಮ ಹೊಸ ಸಾಫ್ಟ್‌ವೇರ್‌ನ ಟಿಕ್ ತೆಗೆದು, ಮಾಮೂಲಿ ರೀಸ್ಟಾರ್ಟ್ ಮಾಡಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಪಕ್ಕದ ‘ಬೂಟ್’ ವಿಭಾಗದ ‘ಸೇಫ್ ಬೂಟ್’ ಮಾತ್ರ ಮುಟ್ಟಬೇಡಿ. ಅದನ್ನು ಟಿಕ್ ಮಾಡಿದರೆ ಪ್ರತಿ ಸಲವೂ ಸೇಫ್ ಮೋಡೇ.

ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನವಿದ್ದರೆ ‘ಡಿವೈಸ್ ಮ್ಯಾನೇಜರ್’, ‘ಡಿಸ್‌ಪ್ಲೇ ಅಡಾಪ್ಟರ್ಸ್’, ‘ಪ್ರಾಪರ್ಟೀಸ್’, ‘ಡ್ರೈವರ್’, ‘ರೋಲ್ ಬ್ಯಾಕ್’. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಡ್ರೈವರ್ ಅಳಿಸುವ ಚೌಕಕ್ಕೂ ಟಿಕ್ ಹಾಕಿ. ಎರಡು ಆ್ಯಂಟಿವೈರಸ್ ಹಾಕಿಕೊಂಡು ಸಿಕ್ಕಿಬಿದ್ದಿದ್ದರೆ, ಅವುಗಳ ತಯಾರಕರೇ ಕೊಡುವ ತೆಗೆಯುವ ಉಪಕರಣ ಬಳಸಿ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ, ಕೇಳುವವರು ಕಮ್ಮಿ.

ಹಂತ 6. ಯಾವುದೂ ಆಗಲಿಲ್ಲವೇ? ‘ರೀಸೆಟ್ ದಿಸ್ ಪಿಸಿ’, ಅದರಲ್ಲಿ ‘ಕೀಪ್ ಮೈ ಫೈಲ್ಸ್’. ನೀವು ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತವೆ, ಫೈಲ್‌ಗಳು ಉಳಿಯುತ್ತವೆ. ಪಕ್ಕದಲ್ಲೇ ‘ರಿಮೂವ್ ಎವ್ರಿಥಿಂಗ್’ ಇದೆ. ಅವಸರದ ಬೆರಳು ಹೋಗುವುದು ಅಲ್ಲಿಗೇ, ಎರಡು ಸಲ ಓದಿ ಒತ್ತಿ.

ಯಂತ್ರ ಎದ್ದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಹುಡುಕಿ. ಸಿ ಡ್ರೈವ್‌ಗೆ ರಕ್ಷಣೆ ಆಫ್ ಆಗಿದ್ದರೆ ಆನ್ ಮಾಡಿ, ಒಂದು ಪಾಯಿಂಟ್ ಮಾಡಿಡಿ. ‘ನಿಮ್ಮ ಡ್ರೈವರ್‌ಗಳೆಲ್ಲ ಹಳೆಯವು’ ಎಂದು ಹೆದರಿಸುವ ಡ್ರೈವರ್ ಅಪ್‌ಡೇಟರ್ ಇದ್ದರೆ ಈಗಲೇ ಕಿತ್ತುಹಾಕಿ. ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಕರ ಸೈಟಿನಲ್ಲಿ ನಿಮ್ಮ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ. ಆ ಸಂಖ್ಯೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ತಳದಲ್ಲೇ ಅಂಟಿಸಿರುತ್ತದೆ.